ಲೆಕ್ಕಕ್ಕೆ ಬಾರದ ಆಳ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಅಲ್ಲಿಂದ ಮುಂದೆ ಎಲ್ಲಿಗೂ ಹೋಗುವುದಿಲ್ಲ. ಕೋರಮಂಡಲ್, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ. ಅಲ್ಲಿಗೆ ಹಳಿ ಮುಗಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚಿನ್ನದ ಗಣಿಗಳಿಗಾಗಿಯೇ ಹಾಕಿದ ಹಳಿ ಇದು. ಈಗ ಇದನ್ನು ಬದುಕಿಸಿರುವವರು ಬೆಳಗಿನ ಜಾವ ಬೆಂಗಳೂರಿಗೆ ದುಡಿಯಲು ಹೋಗಿ ಕತ್ತಲಾದ ಮೇಲೆ ಮನೆ ಸೇರುವ ಸಾವಿರಾರು ಜನ. ನಾನು ಅವರ ಎದುರು ದಿಕ್ಕಿನ ಗಾಡಿ ಹಿಡಿದಿದ್ದರಿಂದ ಬೋಗಿ ಖಾಲಿ ಇತ್ತು. ಚಾಂಪಿಯನ್ ನಿಲ್ದಾಣದಲ್ಲಿ ಇಳಿದವರು ಕೆಲವೇ ಮಂದಿ.

ನಾನು ಬಂದದ್ದು ಗೋವಾದ ವಾಸ್ಕೋದಿಂದ. ಅಲ್ಲಿ ನೆಲೆಸಿದ ಕನ್ನಡಿಗರಿಗೆ ಗಣಿ ಎಂದರೆ ಮೇಲಿನಿಂದ ಕೆರೆದ ಬೆಟ್ಟ. ಡಿಚೋಲಿ, ಸತ್ತರಿ, ಸಾಂಗೇ ಕಡೆಯ ಕೆಂಪು ಗುಡ್ಡಗಳನ್ನು ಅಗೆದು, ಅದಿರನ್ನು ಲಾರಿಗೆ ತುಂಬಿ, ಮಾಂಡೋವಿ ಜುವಾರಿ ನದಿಗಳ ಬಾರ್ಜುಗಳಲ್ಲಿ ಬಂದರಿಗೆ ಇಳಿಸುವುದನ್ನು ನೋಡಿದವರು ನಾವು. 2012ರಲ್ಲಿ ಆ ಕೆಲಸ ನಿಂತಾಗ, ಮತ್ತೆ 2018ರಲ್ಲಿ ಸುಪ್ರೀಂ ಕೋರ್ಟು ಗುತ್ತಿಗೆಗಳನ್ನು ರದ್ದು ಮಾಡಿದಾಗ, ಲಾರಿ ನಂಬಿದ ಮನೆಗಳು ಏನಾದವು ಎಂಬುದೂ ಗೊತ್ತು. ಆದರೆ ನಮ್ಮಲ್ಲಿ ಗಣಿಗೆ ಅಗಲವಿದೆ, ಆಳವಿಲ್ಲ. ಕೋಲಾರದ ಚಿನ್ನದ ಗಣಿ ಇದಕ್ಕೆ ತದ್ವಿರುದ್ಧ. ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಕೆಳಗೆ ಹೋಗಿತ್ತು. ಊರೇ ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಎತ್ತರದಲ್ಲಿದೆ. ಅಷ್ಟನ್ನು ಕಳೆದರೂ ಗಣಿಯ ತಳ ವಾಸ್ಕೋ ಕಡಲತೀರಕ್ಕಿಂತ ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗಿತ್ತು. ಆ ಆಳದಲ್ಲಿ ಚಿನ್ನದ ಜೊತೆಗೆ ಇನ್ನೊಂದು ವಸ್ತು ಸಿಕ್ಕಿತು. 1965ರಲ್ಲಿ, ಚಾಂಪಿಯನ್ ರೀಫಿನ ಹೀತ್‌ಕೋಟ್ ಶಾಫ್ಟಿನ ಕೆಳಗೆ, ಆಕಾಶದಿಂದ ಬರುವ ನ್ಯೂಟ್ರಿನೊ ಎಂಬ ಕಣಗಳ ಗುರುತು ಸಿಕ್ಕಿತು. ಆ ಜಾಗ ಎಲ್ಲಿದೆ, ಈಗ ಹೇಗಿದೆ ಎಂದು ನೋಡಲು ಬಂದೆ.

ನಿಲ್ದಾಣದ ಹೊರಗೆ ಬಂದ ಕೂಡಲೇ ಕಣ್ಣಿಗೆ ಹೊಡೆಯುವುದು ದಿಬ್ಬಗಳು. ಊರವರು ಸೈನೈಡ್ ದಿಬ್ಬ ಎನ್ನುತ್ತಾರೆ. ಬಂಡೆಯನ್ನು ಹಿಟ್ಟಿನ ಹಾಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿ ಇದು. ನೂರಿಪ್ಪತ್ತು ವರ್ಷಗಳ ಶೇಷ, ಮೂರು ಕೋಟಿ ಟನ್ನಿಗೂ ಮಿಕ್ಕಿ. ಬೂದು ಬಿಳುಪಿನ ಮೈ, ಮಳೆನೀರು ಕೊರೆದ ಸಾಲು ಸಾಲು ಕೊರಕಲು. ಗಾಳಿ ಬೀಸಿದಾಗ ಈ ಪುಡಿ ಮನೆಗಳೊಳಗೆ ಬರುತ್ತದೆ, ಪಾತ್ರೆಯ ಮೇಲೆ ಕೂರುತ್ತದೆ. ಗಣಿಯ ಆಳ ಎಷ್ಟಿತ್ತು ಎಂದು ಕೇಳುವವರು ಈ ದಿಬ್ಬಗಳನ್ನು ನೋಡಿದರೆ ಸಾಕು. ಕೆಳಗೆ ಟೊಳ್ಳಾದದ್ದೆಲ್ಲ ಇಲ್ಲಿ ಗುಡ್ಡವಾಗಿದೆ. ಈ ಪುಡಿಯಲ್ಲಿ ಇನ್ನೂ ಅಷ್ಟಿಷ್ಟು ಚಿನ್ನವಿದೆ. ಅದನ್ನು ತೆಗೆಯಬೇಕೆಂಬ ಮಾತು ವರ್ಷಗಳಿಂದ ನಡೆದಿದೆ, 2024ರಲ್ಲಿ ರಾಜ್ಯ ಸಚಿವ ಸಂಪುಟ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿದೆ.

ಜೊತೆಗೆ ಬರಲು ಒಪ್ಪಿದವರು ಗಣಿಯಲ್ಲೇ ದುಡಿದು ನಿವೃತ್ತರಾದ ಹಿರಿಯರು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ನನ್ನೊಡನೆ ಕನ್ನಡ. ಈ ಊರಿನಲ್ಲಿ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಉತ್ತರ ಆರ್ಕಾಡು, ಧರ್ಮಪುರಿ, ಚಿತ್ತೂರು ಕಡೆಗಳಿಂದ ಬಂದ, ಬಹುಪಾಲು ದಲಿತ ಕುಟುಂಬಗಳು ಈ ಗಣಿಗಳನ್ನು ಅಗೆದವು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರವರಿ 28ರಂದು ಬೀಗ ಬೀಳುವವರೆಗೆ ಸುಮಾರು 800 ಟನ್ ಚಿನ್ನ ಹೊರಬಂತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೈಸೂರಿಗೂ ಬೆಂಗಳೂರಿಗೂ ಮೊದಲು ಇಲ್ಲಿಗೆ ಬಂತು.

"ಕೇಜ್ ಹೊರಟ್ರೆ ಕಿವಿ ಕಟ್ಕೊಳ್ಳುತ್ತೆ ಸಾರ್," ಎಂದರು ಹಿರಿಯರು, ಗಣಿಗೆ ಇಳಿಸುವ ಲಿಫ್ಟಿನ ಬಗ್ಗೆ. "ಒಬ್ರ ಉಸಿರು ಇನ್ನೊಬ್ರ ಕುತ್ತಿಗೆ ಮೇಲೆ. ಮೇಲೆ ಚಳಿಗೆ ಕಂಬಳಿ ಹೊದ್ದಿರ್ತೀವಿ, ಕೆಳಗೆ ಹೋದ್ರೆ ಬನಿಯನ್ನೂ ಮೈಮೇಲೆ ನಿಲ್ಲಲ್ಲ."

"ಭಯ ಆಗ್ತಿರ್ಲಿಲ್ವಾ?"

"ಬಿಸಿಗೆ ಭಯ ಇಲ್ಲ. ಏರ್ ಬ್ಲಾಸ್ಟಿಗೆ ಭಯ."

ಆಳದ ಬಂಡೆಯ ಮೇಲೆ ಕಿಲೋಮೀಟರುಗಟ್ಟಲೆ ಬಂಡೆಯ ಭಾರವಿರುತ್ತದೆ. ಅದರೊಳಗೆ ಟೊಳ್ಳು ಮಾಡುತ್ತ ಹೋದಾಗ ಒತ್ತಡ ಒಮ್ಮೆಲೇ ಬಿಡುಗಡೆಯಾಗಿ ಗೋಡೆ ಸಿಡಿಯುತ್ತದೆ. ಎಂಜಿನಿಯರುಗಳು ರಾಕ್ ಬರ್ಸ್ಟ್ ಎನ್ನುವ ಇದನ್ನು ಗಣಿಯವರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಮೇಲಿನ ಊರಿನಲ್ಲಿ ಮಲಗಿದವರಿಗೂ ನೆಲ ಅದುರಿದ್ದು ಗೊತ್ತಾಗುತ್ತಿತ್ತು. ಕೆಳಗೆ ಬಂಡೆಯ ಸಹಜ ಬಿಸಿ ಅತಿ ಆಳದಲ್ಲಿ ಅರವತ್ತು ಡಿಗ್ರಿ ದಾಟುತ್ತಿತ್ತು. ಭೌತವಿಜ್ಞಾನಿಗಳು ಮುಂದೆ ಬಳಸಿಕೊಂಡ ಆಳ ಇಂಥ ದುಡಿಮೆಯಿಂದ ಆದದ್ದು. ವಿಜ್ಞಾನದ ಇತಿಹಾಸದಲ್ಲಿ ಗಣಿ ಎನ್ನುವುದು ಸಿದ್ಧವಾಗಿ ಸಿಕ್ಕ ಒಂದು ಜಾಗದ ಹಾಗೆ ಒಂದೇ ವಾಕ್ಯದಲ್ಲಿ ಬಂದು ಹೋಗುತ್ತದೆ. ಇಲ್ಲಿ ನಿಂತಾಗ ಆ ಒಂದು ವಾಕ್ಯ ನನಗೆ ಸಾಲದು ಅನ್ನಿಸಿತು.

ಚಾಂಪಿಯನ್ ರೀಫ್ಸ್‌ನ ರಸ್ತೆಯಲ್ಲಿ ನಡೆದರೆ ಎರಡೂ ಬದಿಗೆ ಗಣಿಯ ಲೈನುಗಳು, ತಗ್ಗು ಮನೆಗಳು, ಚರ್ಚು, ಮಾರಿಯಮ್ಮನ ಗುಡಿ. ನಡುನಡುವೆ ಬೇಲಿ, ಬೇಲಿಯ ಹಿಂದೆ ಜಾಲಿ ಪೊದೆ, ಪೊದೆಯ ಮೇಲೆ ತುಕ್ಕು ಹಿಡಿದ ಕಬ್ಬಿಣ. ಹಿರಿಯರು ಒಂದೊಂದು ಶಾಫ್ಟಿನ ಹೆಸರನ್ನೂ ನೆಂಟರ ಹೆಸರಿನಷ್ಟು ಸಲೀಸಾಗಿ ಹೇಳಿದರು. ಗಿಫರ್ಡ್, ಆಸ್ಬರ್ನ್, ಹೀತ್‌ಕೋಟ್. ಇವೆಲ್ಲ ಕಂಪನಿಯ ಆಸ್ತಿ, ಒಳಗೆ ಬಿಡುವುದಿಲ್ಲ. ಬಿಟ್ಟರೂ ಇಳಿಯುವಂತಿಲ್ಲ. ಪಂಪುಗಳು ನಿಂತ ಮೇಲೆ ಗಣಿಯ ತುಂಬ ನೀರು.

"ಬಾಂಬೆ ಸಾರ್‌ಗಳು ಇಳೀತಿದ್ದದ್ದು ಅಲ್ಲಿ," ಎಂದು ಹೀತ್‌ಕೋಟ್ ದಿಕ್ಕಿಗೆ ಕೈ ಮಾಡಿದರು. ಬೇಲಿಯ ಈಚೆ ನಿಂತು ನೋಡಿದೆ.

ಈ ನೆಲಕ್ಕೆ ಬಾಂಬೆಯವರು ಬಂದದ್ದು ಹೇಗೆ ಎಂಬ ಕಥೆ ಬೆಂಗಳೂರಿನಲ್ಲಿ ಶುರುವಾಗುತ್ತದೆ. 1939ರಲ್ಲಿ ರಜೆಗೆ ಬಂದ ಹೋಮಿ ಭಾಭಾ ಯುದ್ಧ ಶುರುವಾದ್ದರಿಂದ ಕೇಂಬ್ರಿಜ್ಜಿಗೆ ಮರಳಲಾಗದೆ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನೆಗೆ ಒಂದು ವಿಭಾಗ ಕಟ್ಟಿದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹುಟ್ಟಿದ್ದೂ ಬೆಂಗಳೂರಿನಲ್ಲೇ, ಆ ವರ್ಷದ ಕೊನೆಗೆ ಅದು ಬೊಂಬಾಯಿಗೆ ಹೋಯಿತು. ಅಲ್ಲಿಗೆ 1948ರಲ್ಲಿ ಸೇರಿದ ಯುವಕರಲ್ಲಿ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಒಬ್ಬರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದವರು. ಕಾಸ್ಮಿಕ್ ಕಿರಣಗಳು ನೆಲದೊಳಗೆ ಎಷ್ಟು ದೂರ ಹೋಗುತ್ತವೆ ಎಂದು ಅಳೆಯಲು ಕೋಲಾರದ ಗಣಿ ಒಳ್ಳೆಯ ಜಾಗ ಎಂದು ಭಾಭಾ ಸೂಚಿಸಿದರು. 1951ರಲ್ಲಿ ಶ್ರೀಕಂಠನ್ ಉಪಕರಣಗಳೊಡನೆ ಇಲ್ಲಿ ಇಳಿದರು. ಆಗ ಅವರಿಗೆ ಇಪ್ಪತ್ತಾರರ ಆಸುಪಾಸು.

ನೆಲದ ಮೇಲೆ ನಿಂತಿರುವ ನಮ್ಮ ಮೇಲೆ ಏನು ಬೀಳುತ್ತಿದೆ ಎಂಬುದನ್ನು ಇಲ್ಲಿ ಹೇಳಬೇಕು. ಬಾಹ್ಯಾಕಾಶದಿಂದ ಬರುವ ಪ್ರೋಟಾನುಗಳೂ ಇತರ ಕಣಗಳೂ, ಅಂದರೆ ಕಾಸ್ಮಿಕ್ ಕಿರಣಗಳು, ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಪಯಾನ್ ಎಂಬ ಅಲ್ಪಾಯುಷಿ ಕಣಗಳು ಹುಟ್ಟುತ್ತವೆ. ಅವು ಮುರಿದು ಮ್ಯುಆನ್ ಮತ್ತು ನ್ಯೂಟ್ರಿನೊ ಆಗುತ್ತವೆ. ಮ್ಯುಆನ್ ಎಂದರೆ ಭಾರವಾದ ಎಲೆಕ್ಟ್ರಾನ್ ಎಂದುಕೊಳ್ಳಬಹುದು. ಅಂಗೈ ಚಾಚಿದರೆ ಸೆಕೆಂಡಿಗೆ ಸರಿಸುಮಾರು ಒಂದು ಮ್ಯುಆನ್ ಅದರ ಮೂಲಕ ಹಾದು ನೆಲಕ್ಕೆ ಇಳಿಯುತ್ತದೆ. ಬಂಡೆಯೊಳಗೆ ಹೋಗುತ್ತ ಹೋಗುತ್ತ ಅದು ಶಕ್ತಿ ಕಳೆದುಕೊಳ್ಳುತ್ತದೆ, ನಿಲ್ಲುತ್ತದೆ. ನ್ಯೂಟ್ರಿನೊ ನಿಲ್ಲುವುದಿಲ್ಲ. ಅದಕ್ಕೆ ವಿದ್ಯುದಂಶವಿಲ್ಲ, ತೂಕ ಇದ್ದೂ ಇಲ್ಲದಷ್ಟು. ಸೂರ್ಯನಿಂದ ಬರುವ ನ್ಯೂಟ್ರಿನೊಗಳ ಲೆಕ್ಕವನ್ನೇ ತೆಗೆದುಕೊಂಡರೆ, ಒಂದು ಉಗುರಿನಷ್ಟು ಜಾಗದ ಮೂಲಕ ಪ್ರತಿ ಸೆಕೆಂಡಿಗೆ ಸುಮಾರು 6,500 ಕೋಟಿ ಹಾದುಹೋಗುತ್ತವೆ. ಹಗಲಲ್ಲಿ ನೆತ್ತಿಯಿಂದ ಪಾದಕ್ಕೆ, ರಾತ್ರಿಯಲ್ಲಿ ಇಡೀ ಭೂಮಿಯನ್ನು ತೂರಿ ಪಾದದಿಂದ ನೆತ್ತಿಗೆ. ಬಹಳ ಅಪರೂಪಕ್ಕೆ ಒಂದು ನ್ಯೂಟ್ರಿನೊ ಒಂದು ಪರಮಾಣುವಿನ ಗರ್ಭಕ್ಕೆ ಬಡಿದು ಅಲ್ಲೊಂದು ಮ್ಯುಆನನ್ನು ಹುಟ್ಟಿಸುತ್ತದೆ. ಮೇಲಿನಿಂದ ಸುರಿಯುವ ಮ್ಯುಆನುಗಳ ಗದ್ದಲದಲ್ಲಿ ಈ ಒಂದನ್ನು ಗುರುತಿಸುವುದು ಸಂತೆಯ ನಡುವೆ ತಂಬೂರಿಯ ಶ್ರುತಿ ಹಿಡಿದ ಹಾಗೆ. ಆದ್ದರಿಂದ ಗದ್ದಲ ತಲುಪದ ಜಾಗ ಬೇಕು.

ಕೋಲಾರದ ಬಂಡೆ ಇದಕ್ಕೆ ಹೇಳಿ ಮಾಡಿಸಿದ್ದು. ಸಾಮಾನ್ಯ ಬಂಡೆಗಿಂತ ಇದು ಭಾರ, ನೀರಿನ ಮೂರು ಪಟ್ಟು ಸಾಂದ್ರ. ಇಲ್ಲಿಯ 2.3 ಕಿಲೋಮೀಟರ್ ಬಂಡೆ ಏಳು ಕಿಲೋಮೀಟರ್ ನೀರಿಗೆ ಸಮ. ಈ ಕ್ಷೇತ್ರದ ಪ್ರಬಂಧಗಳಲ್ಲಿ ಕೋಲಾರದ ಬಂಡೆಗೆ ತನ್ನದೇ ಆದ ಸಾಂದ್ರತೆ, ತನ್ನದೇ ಆದ ಪಟ್ಟಿ ಇದೆ. ಜಗತ್ತಿನ ಬೇರೆ ಕಡೆಯ ಅಳತೆಗಳನ್ನು ಅದರೊಂದಿಗೆ ಹೋಲಿಸಿ ನೋಡುವ ರೂಢಿ ಬೆಳೆಯಿತು.

ಐವತ್ತರ ದಶಕದ ಉದ್ದಕ್ಕೂ, ಅರವತ್ತರ ಆರಂಭದಲ್ಲೂ ಶ್ರೀಕಂಠನ್, ರಮಣಮೂರ್ತಿ, ನರಸಿಂಹಂ ಮತ್ತು ಒಸಾಕಾದ ಸಬುರೊ ಮಿಯಾಕೆ ಮೊದಲಾದವರು ಗಣಿಯ ಬೇರೆ ಬೇರೆ ಆಳಗಳಲ್ಲಿ ಉಪಕರಣ ಇಟ್ಟು ಮ್ಯುಆನುಗಳನ್ನು ಎಣಿಸಿದರು. ಪ್ರತಿ ಹಂತಕ್ಕೂ ಎಣಿಕೆ ಕುಸಿಯುತ್ತ ಬಂತು. ಕೊನೆಗೆ 2.7 ಕಿಲೋಮೀಟರಿನ ಆಳದಲ್ಲಿ ಉಪಕರಣ ಹೂಡಿ ಎರಡು ತಿಂಗಳು ಕಾದರು. ಒಂದೂ ಬರಲಿಲ್ಲ.

ಈ ಸೊನ್ನೆಯ ಬಗ್ಗೆ ಓದಿದಾಗಿನಿಂದ ಅದು ನನ್ನ ತಲೆಯಲ್ಲಿ ಕೂತಿದೆ. ಏನೂ ಸಿಗದ ಎರಡು ತಿಂಗಳು ಬೇರೆ ಯಾವ ಕೆಲಸದಲ್ಲಾದರೂ ನಷ್ಟ. ಇಲ್ಲಿ ಅದೇ ಫಲ. ಮೇಲಿನಿಂದ ಏನೂ ಬಾರದ ಜಾಗ ಸಿಕ್ಕಿತು ಎಂದರೆ, ಇನ್ನು ಅಲ್ಲಿ ಏನಾದರೂ ಕಂಡರೆ ಅದು ಬೇರೆ ದಾರಿಯಿಂದ ಬಂದದ್ದೇ ಆಗಬೇಕು. 1963ರಲ್ಲಿ ಮೆನನ್, ರಮಣಮೂರ್ತಿ, ಶ್ರೀಕಂಠನ್, ಮಿಯಾಕೆ ಸೇರಿ ಒಂದು ಪ್ರಬಂಧ ಬರೆದರು: ಈ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಹಿಡಿಯಬಹುದು. ಮೆನನ್ ಎಂದರೆ ಎಂ.ಜಿ.ಕೆ. ಮೆನನ್. ಹುಟ್ಟಿದ್ದು ಮಂಗಳೂರಿನಲ್ಲಿ, 1928ರಲ್ಲಿ. ಮುಂದೆ ಟಾಟಾ ಸಂಸ್ಥೆಯ ನಿರ್ದೇಶಕರಾದರು. ಅವರ ನಂತರ, 1975ರಲ್ಲಿ, ಅದೇ ಕುರ್ಚಿಗೆ ಶ್ರೀಕಂಠನ್ ಬಂದರು. ಮಂಗಳೂರು, ನಂಜನಗೂಡು, ಕೋಲಾರ. ನಮ್ಮ ಶಾಲೆಯ ಪಾಠಗಳಲ್ಲಿ ಈ ಮೂರು ಊರುಗಳನ್ನು ಈ ಕಾರಣಕ್ಕೆ ಒಟ್ಟಿಗೆ ಹೇಳಿದ್ದನ್ನು ನಾನು ಕಂಡಿಲ್ಲ. ಹೇಳಬೇಕಿತ್ತು.

ಬೇಲಿಯ ಉದ್ದಕ್ಕೆ ಸ್ವಲ್ಪ ದೂರ ನಡೆದೆವು. ಹಿರಿಯರು ಒಂದು ಕಡೆ ಕೋಲಿನಿಂದ ನೆಲ ಕುಟ್ಟಿ, "ಇದರ ಕೆಳಗೆಲ್ಲ ಲೆವೆಲ್‌ಗಳು" ಎಂದರು. ಶಾಫ್ಟ್ ಎಂದರೆ ಕೆಳಗಿಳಿಯುವ ಬಾವಿ. ಅದರಿಂದ ನೂರು ಅಡಿಗೋ ಇನ್ನೂರು ಅಡಿಗೋ ಒಂದರಂತೆ ಅಡ್ಡಕ್ಕೆ ಹೊರಡುವ ದಾರಿಗಳು ಲೆವೆಲ್‌ಗಳು. 1964ರ ಕೊನೆಯಲ್ಲಿ ಅಂಥದ್ದೊಂದು ಲೆವೆಲ್‌ನಲ್ಲಿ, 7,600 ಅಡಿ ಕೆಳಗೆ, ಟೆಲಿಸ್ಕೋಪುಗಳನ್ನು ಜೋಡಿಸತೊಡಗಿದರು. ಟಾಟಾ ಸಂಸ್ಥೆ, ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯ ಸೇರಿದ ಕೆಲಸ.

ಟೆಲಿಸ್ಕೋಪ್ ಎಂದ ಕೂಡಲೇ ಗಾಜಿನ ಕೊಳವೆ ನೆನಪಾಗಬಾರದು. ಎದುರುಬದುರಾಗಿ ನಿಂತ ಎರಡು ಗೋಡೆಗಳು ಇವು. ವಿದ್ಯುದಂಶವುಳ್ಳ ಕಣ ಹಾದಾಗ ಕ್ಷಣಕಾಲ ಬೆಳಕು ಚೆಲ್ಲುವ ಪ್ಲಾಸ್ಟಿಕ್ ಹಲಗೆಗಳ ಗೋಡೆ. ನಡುವೆ ಸೀಸದ ಪದರ ಮತ್ತು ಡರ್ಹಂನಿಂದ ತಂದ ನಿಯಾನ್ ಕೊಳವೆಗಳ ಸಾಲು. ಎರಡೂ ಗೋಡೆಗಳು ಒಂದೇ ಗಳಿಗೆಯಲ್ಲಿ ಮಿನುಗಿದರೆ ನಿಯಾನ್ ಕೊಳವೆಗಳಿಗೆ ವಿದ್ಯುತ್ ಹೊಡೆತ ಹೋಗುತ್ತದೆ, ಕಣ ಹಾದ ದಾರಿಯ ಕೊಳವೆಗಳು ಬೆಳಗುತ್ತವೆ, ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಈ ಗೋಡೆಗಳನ್ನು ನೆಟ್ಟಗೆ ನಿಲ್ಲಿಸಿದ್ದೇ ಯೋಜನೆಯ ಜೀವಾಳ. ನೆಟ್ಟಗಿನ ಗೋಡೆಗಳು ಅಡ್ಡಕ್ಕೆ ಬರುವ ಕಣಗಳಿಗಾಗಿ ಕಾಯುತ್ತವೆ. ಮೇಲಿನಿಂದ ಬರುವ ಮ್ಯುಆನ್ 2.3 ಕಿಲೋಮೀಟರ್ ಬಂಡೆ ದಾಟಿ ಬರಬಹುದು, ಅದೂ ನೆಲದ ಮೇಲಿನ ಕೋಟಿಗೊಂದರಷ್ಟೂ ಇಲ್ಲ. ಅಡ್ಡಕ್ಕೆ ಬರಬೇಕಾದರೆ ಅದು ಅದರ ಎಷ್ಟೋ ಪಟ್ಟು ಬಂಡೆ ದಾಟಬೇಕು, ಸಾಧ್ಯವೇ ಇಲ್ಲ. ಹಾಗಾಗಿ ಅಡ್ಡಕ್ಕೆ ಬಂದ ಮ್ಯುಆನ್ ಪಕ್ಕದ ಬಂಡೆಯಲ್ಲೇ ಹುಟ್ಟಿರಬೇಕು, ಅದನ್ನು ಹುಟ್ಟಿಸಿದ್ದು ನ್ಯೂಟ್ರಿನೊ ಆಗಿರಬೇಕು. ತರ್ಕ ಎಷ್ಟು ಸರಳ ಎಂದರೆ, ಇದನ್ನು ಆ ಬೇಲಿಯ ಬಳಿ ನಿಂತು ಹಿರಿಯರಿಗೆ ಹೇಳಿದಾಗ ಅವರು ತಲೆಯಾಡಿಸಿ, "ಮೇಲಿಂದ ಬಂದಿಲ್ಲ ಅಂದ್ರೆ ಒಳಗೇ ಹುಟ್ಟಿದ್ದು" ಎಂದು ತಾವೇ ಮುಗಿಸಿದರು.

ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಈಸ್ಟ್ ರ‍್ಯಾಂಡ್ ಚಿನ್ನದ ಗಣಿಯಲ್ಲಿ, ಮೂರು ಕಿಲೋಮೀಟರಿಗೂ ಆಳದಲ್ಲಿ, ಫ್ರೆಡರಿಕ್ ರೈನ್ಸ್ ತಂಡ ಇದನ್ನೇ ಹುಡುಕುತ್ತಿತ್ತು. 1956ರಲ್ಲಿ ಪರಮಾಣು ರಿಯಾಕ್ಟರಿನ ಬಳಿ ನ್ಯೂಟ್ರಿನೊವನ್ನು ಮೊದಲು ಪತ್ತೆ ಮಾಡಿದ ಇಬ್ಬರಲ್ಲಿ ಅವರೊಬ್ಬರು, ಮುಂದೆ 1995ರಲ್ಲಿ ನೊಬೆಲ್ ಪಡೆದವರು. ಅವರ ಉಪಕರಣದಲ್ಲಿ ಮೊದಲ ಗುರುತು ಬಿದ್ದದ್ದು 1965ರ ಫೆಬ್ರವರಿ 23ರಂದು. ಆದರೆ ಪತ್ರಿಕೆಗೆ ಮೊದಲು ತಲುಪಿದ್ದು ಕೋಲಾರದ ಬರಹ: ಫಿಸಿಕ್ಸ್ ಲೆಟರ್ಸ್‌ಗೆ ಜುಲೈ 12ರಂದು. ರೈನ್ಸ್ ತಂಡದ್ದು ಫಿಸಿಕಲ್ ರಿವ್ಯೂ ಲೆಟರ್ಸ್‌ಗೆ ತಲುಪಿದ್ದು ಜುಲೈ 26ರಂದು. ಅಚ್ಚಾದದ್ದು ಕ್ರಮವಾಗಿ ಆಗಸ್ಟ್ 15 ಮತ್ತು ಆಗಸ್ಟ್ 30. ಯಾರು ಮೊದಲು ಎಂಬ ಜಗಳ ನನಗೆ ಬೇಡ. ಎರಡೂ ಕಡೆ ಚಿನ್ನಕ್ಕಾಗಿ ತೋಡಿದ ಬಾವಿಗಳು, ಎರಡೂ ಕಡೆ ಬಡವರು ತೋಡಿದ ಬಾವಿಗಳು. ಆದರೆ ಕೋಲಾರದ ಪ್ರಬಂಧ ಮೊದಲು ಅಚ್ಚಾಯಿತು ಎಂಬುದು ನಿಜ, ಅದನ್ನು ಹೇಳಲು ನಾವು ಸಂಕೋಚಪಡಬೇಕಿಲ್ಲ.

ಆ ಪ್ರಬಂಧದಲ್ಲಿ ಹನ್ನೊಂದು ಹೆಸರುಗಳಿವೆ. ಆಚಾರ್, ಮೆನನ್, ನರಸಿಂಹಂ, ರಮಣಮೂರ್ತಿ, ಶ್ರೀಕಂಠನ್. ಒಸಾಕಾದ ಹಿನೊತಾನಿ, ಮಿಯಾಕೆ. ಡರ್ಹಂನ ಕ್ರೀಡ್, ಆಸ್ಬಾರ್ನ್, ಪ್ಯಾಟಿಸನ್, ವುಲ್ಫೆಂಡೇಲ್. ಕೊನೆಯವರು ಮುಂದೆ ಬ್ರಿಟನ್ನಿನ ರಾಜ ಖಗೋಳವಿಜ್ಞಾನಿಯಾದರು. ಈ ಹನ್ನೊಂದು ಹೆಸರುಗಳನ್ನು ಕನ್ನಡದಲ್ಲಿ ಬರೆದ ಒಂದು ಫಲಕ ಚಾಂಪಿಯನ್ ರೀಫ್ಸ್ ರಸ್ತೆಯಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಇಲ್ಲಿಂದ ಕೆಲಸ ಇನ್ನೂ ದೊಡ್ಡದಾಯಿತು. 1974ರಲ್ಲಿ ಹೊವರ್ಡ್ ಜಾರ್ಜಿ ಮತ್ತು ಶೆಲ್ಡನ್ ಗ್ಲಾಷೊ ಒಂದು ಸಿದ್ಧಾಂತ ಮಂಡಿಸಿದರು. ಅದು ನಿಜವಾದರೆ ಪ್ರೋಟಾನ್ ಚಿರಂಜೀವಿಯಲ್ಲ. ಅಂದಿನ ಅಂದಾಜಿನಲ್ಲಿ ಒಂದರ ಮುಂದೆ ಮೂವತ್ತೋ ಮೂವತ್ತೊಂದೋ ಸೊನ್ನೆ ಇಟ್ಟಷ್ಟು ವರ್ಷಗಳಿಗೆ ಅದೂ ಮುರಿಯುತ್ತದೆ. ವಿಶ್ವದ ವಯಸ್ಸೇ 1,380 ಕೋಟಿ ವರ್ಷ, ಅಂದರೆ ಹನ್ನೊಂದು ಅಂಕಿಗಳ ಸಂಖ್ಯೆ. ಒಂದು ಪ್ರೋಟಾನಿನ ಮುಂದೆ ಅಷ್ಟು ಕಾಲ ಕಾಯಲು ಆಗದು, ಆದರೆ ಅಷ್ಟು ಪ್ರೋಟಾನುಗಳನ್ನು ಒಂದೆಡೆ ಕಲೆಹಾಕಿ ಒಂದು ವರ್ಷ ಕಾಯಬಹುದು. 140 ಟನ್ ಕಬ್ಬಿಣದಲ್ಲಿ ಪ್ರೋಟಾನು ನ್ಯೂಟ್ರಾನುಗಳ ಒಟ್ಟು ಸಂಖ್ಯೆ ಎಂಟರ ಮುಂದೆ ಮೂವತ್ತೊಂದು ಸೊನ್ನೆಯಷ್ಟು. ಆಯುಷ್ಯ ಮೂವತ್ತೊಂದು ಸೊನ್ನೆಯ ವರ್ಷವಾದರೆ ವರ್ಷಕ್ಕೆ ಎಂಟರ ಸುಮಾರಿಗೆ ಮುರಿಯಬೇಕು.

1980ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಇಂಥದ್ದೇ 140 ಟನ್ನಿನ ಉಪಕರಣ ಶುರುವಾಯಿತು. ಪ್ರೋಟಾನ್ ಮುರಿಯುವುದನ್ನು ಹುಡುಕಲೆಂದೇ ಕಟ್ಟಿದ, ಜಗತ್ತಿನ ಮೊದಲ ಉಪಕರಣಗಳ ಸಾಲಿಗೆ ಸೇರಿದ್ದು. ಹತ್ತು ಸೆಂಟಿಮೀಟರ್ ಅಗಲದ ಚೌಕ ಕಬ್ಬಿಣದ ಕೊಳವೆಗಳು, ಒಳಗೆ ಆರ್ಗಾನ್ ಮತ್ತು ಮೀಥೇನ್ ಅನಿಲ, ನಡುವೆ ಸಣ್ಣ ತಂತಿ. ಒಂದು ಸಾಲು ಒಂದು ದಿಕ್ಕಿಗೆ, ಮೇಲಿನ ಸಾಲು ಅಡ್ಡಕ್ಕೆ, ನಡುವೆ ಕಬ್ಬಿಣದ ಹಲಗೆ. ಹೀಗೆ ಮೂವತ್ತನಾಲ್ಕು ಪದರ. ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸುಮಾರು ನಾಲ್ಕು ಮೀಟರ್ ಎತ್ತರದ ಕಬ್ಬಿಣದ ಕೋಣೆ. ಅದರ ಒಂದೊಂದು ತುಂಡೂ ಶಾಫ್ಟಿನಲ್ಲಿ ಇಳಿದು ಬಂದದ್ದು. ಮೇಲೆ ನೆಲದ ಮೇಲಿಟ್ಟರೆ ಈ ಕೋಣೆಯ ಮೂಲಕ ಸೆಕೆಂಡಿಗೆ ನಾಲ್ಕು ಸಾವಿರ ಮ್ಯುಆನುಗಳು ಹಾದಾವು. ಕೆಳಗೆ ದಿನಕ್ಕೆ ಒಂದೋ ಎರಡೋ. 1985ರ ಹೊತ್ತಿಗೆ ಗಣಿಯ ಇನ್ನೊಂದು ಆಳದಲ್ಲಿ 260 ಟನ್ನಿನ ಎರಡನೆಯದೂ ಬಂತು.

ಮೊದಲ ಉಪಕರಣದಲ್ಲಿ ಪ್ರೋಟಾನ್ ಮುರಿದಂತೆ ಕಾಣುವ ಕೆಲವು ಘಟನೆಗಳು ಸಿಕ್ಕವು ಎಂದು ತಂಡ 1981ರಲ್ಲಿ ಪ್ರಕಟಿಸಿತು. ಜಗತ್ತು ತಿರುಗಿ ನೋಡಿತು. ಆದರೆ ಅಮೆರಿಕದಲ್ಲೂ ಜಪಾನಿನಲ್ಲೂ ಬಂದ ಇನ್ನೂ ದೊಡ್ಡ ನೀರಿನ ತೊಟ್ಟಿಗಳು ಅದನ್ನು ದೃಢಪಡಿಸಲಿಲ್ಲ. ಇಂದು ಪ್ರೋಟಾನ್ ಮುರಿಯುವ ಮುಖ್ಯ ಬಗೆಯೊಂದಕ್ಕೆ ಆಯುಷ್ಯದ ಕೆಳಮಿತಿ ಒಂದರ ಮುಂದೆ ಮೂವತ್ತನಾಲ್ಕು ಸೊನ್ನೆಯನ್ನು ದಾಟಿದೆ. ಯಾರೂ ಇನ್ನೂ ಒಂದು ಪ್ರೋಟಾನ್ ಮುರಿದದ್ದನ್ನು ಖಚಿತವಾಗಿ ಕಂಡಿಲ್ಲ. ಇದನ್ನು ಕೋಲಾರದ ಸೋಲು ಎಂದು ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಂಡದ್ದನ್ನು ಕಂಡಂತೆ ಮುಂದಿಟ್ಟು, ಬೇರೆಯವರು ಪರೀಕ್ಷಿಸಲಿ ಎಂದು ಬಿಡುವುದೇ ಈ ಕೆಲಸದ ರೀತಿ. ಜಪಾನಿನ ಗಣಿಯೊಂದರೊಳಗೆ ಕಾಮಿಯೊಕಾಂಡೆ ಎಂಬ ತೊಟ್ಟಿಯನ್ನು ಕಟ್ಟಿದ್ದೂ ಪ್ರೋಟಾನಿಗಾಗಿಯೇ. ಪ್ರೋಟಾನ್ ಅದಕ್ಕೂ ಸಿಗಲಿಲ್ಲ. 1987ರಲ್ಲಿ ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೊಗಳು ಅದಕ್ಕೆ ಸಿಕ್ಕವು. ಅದರ ಮುಂದಿನ ದೊಡ್ಡ ತೊಟ್ಟಿ 1998ರಲ್ಲಿ, ವಾತಾವರಣದ ನ್ಯೂಟ್ರಿನೊಗಳು ದಾರಿಯಲ್ಲಿ ರೂಪ ಬದಲಿಸುತ್ತವೆ, ಅಂದರೆ ಅವಕ್ಕೆ ತೂಕವಿದೆ ಎಂದು ತೋರಿಸಿತು. 2002 ಮತ್ತು 2015ರ ನೊಬೆಲ್‌ಗಳಲ್ಲಿ ಆ ಗಣಿಗೆ ಪಾಲು ಸಿಕ್ಕಿತು. ಅಲ್ಲಿ ಎಣಿಸಿದ ವಾತಾವರಣದ ನ್ಯೂಟ್ರಿನೊ, ಹೀತ್‌ಕೋಟ್ ಶಾಫ್ಟಿನ ಕೆಳಗೆ ಮೊದಲು ಅಡ್ಡಕ್ಕೆ ಹಾದ ಅದೇ ನ್ಯೂಟ್ರಿನೊ.

ಎರಡು ಊರುಗಳ ನಡುವಿನ ವ್ಯತ್ಯಾಸ ಬುದ್ಧಿವಂತಿಕೆಯದಲ್ಲ. ಜಪಾನಿನವರು ತಮ್ಮ ಗಣಿಯನ್ನು ಉಳಿಸಿಕೊಂಡು ತೊಟ್ಟಿಯ ಮೇಲೆ ತೊಟ್ಟಿ ಕಟ್ಟಿದರು. ಇಲ್ಲಿ ಅದಿರಿನ ಟನ್ನಿಗೆ ಚಿನ್ನ ಇಳಿಯುತ್ತ ಬಂತು, ಆಳದಿಂದ ನೀರೆತ್ತುವ ಖರ್ಚು ಏರುತ್ತ ಬಂತು, ಆಳದ ಲೆವೆಲ್‌ಗಳನ್ನು ಒಂದೊಂದಾಗಿ ಕೈಬಿಟ್ಟರು. ಪ್ರಯೋಗಾಲಯ ತೊಂಬತ್ತರ ದಶಕದ ಆರಂಭದಲ್ಲೇ ಮುಚ್ಚಿತು. ಆಮೇಲೆ ಗಣಿಯೂ ಮುಚ್ಚಿತು. ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಗಣಿಗೆ ಬೆಲೆ ಎಂದರೆ ಚಿನ್ನದ ಬೆಲೆ. ಆಳಕ್ಕೆ ಅಲ್ಲಿ ಅಂಕಣವೇ ಇರಲಿಲ್ಲ. ಎರಡು ಕಿಲೋಮೀಟರಿಗೂ ಕೆಳಗೆ ಸಿದ್ಧವಾಗಿದ್ದ, ವಿದ್ಯುತ್ತು ಗಾಳಿ ಕೇಜ್ ಎಲ್ಲ ಇದ್ದ ಜಾಗ, ಯಾವ ದೇಶವಾದರೂ ಕೈಬಿಡದ ಆಸ್ತಿ. ಒಂದೇ ಒಂದು ಶಾಫ್ಟನ್ನು, ಒಂದೇ ಒಂದು ಲೆವೆಲ್‌ವರೆಗೆ ಒಣಗಿಸಿ ಇಟ್ಟುಕೊಳ್ಳುವ ಖರ್ಚನ್ನು ದೇಶ ಹೊರಬೇಕಿತ್ತು. ಹೊರಲಿಲ್ಲ.

ಅದರ ಬೆಲೆ ಮುಂದೆ ಗೊತ್ತಾಯಿತು. ಕೋಲಾರದ ಕೆಲಸ ಮುಂದುವರಿಸಲೆಂದು ಭಾರತ ಆಧಾರಿತ ನ್ಯೂಟ್ರಿನೊ ವೀಕ್ಷಣಾಲಯದ ಯೋಜನೆ ಬಂತು. ಕೋಲಾರದಲ್ಲಿ ಪಳಗಿದ ನಬ ಮಂಡಲ್ ಅದರ ಮುಂದಾಳಾಗಿದ್ದರು. 50,000 ಟನ್ ಕಬ್ಬಿಣದ ಉಪಕರಣಕ್ಕೆ ಮೊದಲು ನೋಡಿದ್ದು ನೀಲಗಿರಿಯ ಸಿಂಗಾರ. ಮುದುಮಲೈ ಪಕ್ಕದ ಆನೆದಾರಿ ಎಂಬ ಕಾರಣಕ್ಕೆ ಅದು ತಪ್ಪಿತು. ಆಮೇಲೆ ತೇಣಿ ಜಿಲ್ಲೆಯ ಬೋಡಿ ಬೆಟ್ಟ. ಕೇಂದ್ರ ಸಂಪುಟ 2015ರ ಜನವರಿಯಲ್ಲಿ ಸುಮಾರು 1,500 ಕೋಟಿ ರೂಪಾಯಿಗೆ ಒಪ್ಪಿತು. ಮೇಲಿನ ಬಂಡೆ ಅಲ್ಲಿ ಒಂದು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಹೀತ್‌ಕೋಟಿನ ಅರ್ಧದಷ್ಟು. ಪಶ್ಚಿಮ ಘಟ್ಟ, ನೀರಿನ ಸೆಲೆ, ಹುಲಿಯ ದಾರಿ ಎಂದು ಊರವರೂ ತಮಿಳುನಾಡು ಸರ್ಕಾರವೂ ವಿರೋಧಿಸಿದರು. 2022ರಲ್ಲಿ ಆ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ತನ್ನ ನಿಲುವನ್ನು ಹೇಳಿತು. ಸುರಂಗ ಶುರುವಾಗಿಲ್ಲ. ಮಧುರೈಯಲ್ಲಿ 85 ಟನ್ನಿನ ಚಿಕ್ಕ ಮಾದರಿಯೊಂದು ನೆಲದ ಮೇಲೆ ಮ್ಯುಆನುಗಳನ್ನು ಎಣಿಸುತ್ತಿದೆ. ಗೋವಾದಲ್ಲಿ ಬೆಟ್ಟ ಅಗೆದ ಪರಿಣಾಮ ಕಂಡ ನನಗೆ ಆ ಊರವರ ಆತಂಕ ತಪ್ಪು ಎನ್ನಲು ಬಾಯಿ ಬರುವುದಿಲ್ಲ. ಮೊದಲೇ ತೋಡಿದ್ದ ಬಾವಿಯನ್ನು ಬಿಟ್ಟು ಹೊಸ ಬೆಟ್ಟ ಕೊರೆಯಬೇಕಾದ ಸ್ಥಿತಿ ಬಂದದ್ದಕ್ಕೇ ನನ್ನ ಬೇಸರ. ಜಾರ್ಖಂಡಿನ ಜಾದುಗೂಡದ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದಲ್ಲಿ ಒಂದು ಪುಟ್ಟ ಪ್ರಯೋಗಾಲಯ 2017ರಲ್ಲಿ ತೆರೆದಿದೆ ಎಂಬುದಷ್ಟೇ ಸಮಾಧಾನ.

ಮಧ್ಯಾಹ್ನ ಹಿರಿಯರ ಮನೆಯಲ್ಲಿ ಮಜ್ಜಿಗೆ ಕುಡಿಯುತ್ತ ಅವರಿಗೆ ಕೋಲಾರದ ಒಂದು ಬಿಡಿಸದ ಒಗಟನ್ನು ಹೇಳಿದೆ. ನ್ಯೂಟ್ರಿನೊಗಳನ್ನು ಹಿಡಿಯಲೆಂದು ಇಟ್ಟ ಉಪಕರಣಗಳಲ್ಲಿ ಕೆಲವು ವಿಚಿತ್ರ ಚಿತ್ರಗಳು ಬಂದವು. ಬಂಡೆಯೊಳಗಿಂದ ಒಂದು ಗೆರೆ ಬರುವ ಬದಲು, ಬಂಡೆಗೂ ಉಪಕರಣಕ್ಕೂ ನಡುವಿನ ಖಾಲಿ ಗಾಳಿಯಲ್ಲಿ ಒಂದು ಬಿಂದುವಿನಿಂದ ಎರಡು ಮೂರು ಗೆರೆಗಳು ಕವಲೊಡೆದಿದ್ದವು. ನ್ಯೂಟ್ರಿನೊ ಗಾಳಿಗೆ ಬಡಿಯುವ ಸಂಭವ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಬಂಡೆಯಲ್ಲಿ ಹುಟ್ಟಿದ ಯಾವುದೋ ಭಾರವಾದ ಕಣ, ಗಾಳಿಗೆ ಬರುವವರೆಗೆ ಬದುಕಿದ್ದು ಅಲ್ಲಿ ಮುರಿದಂತೆ ಕಂಡಿತು. ತಂಡ ಇದನ್ನು 1975ರಲ್ಲಿ ಪ್ರಕಟಿಸಿತು. ಜಗತ್ತಿನ ದೊಡ್ಡ ವೇಗವರ್ಧಕಗಳಲ್ಲಿ ಹುಡುಕಿದರು, ಅಂಥ ಕಣ ಸಿಗಲಿಲ್ಲ. ಕೋಲಾರ್ ಘಟನೆಗಳು ಎಂಬ ಹೆಸರಿನಲ್ಲಿ ಅವು ಹಾಗೇ ಉಳಿದವು. 2014ರಲ್ಲಿ ಚೆನ್ನೈನ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್, ಇದು ಡಾರ್ಕ್ ಮ್ಯಾಟರ್ ಕಣವೊಂದು ಮುರಿದದ್ದಿರಬಹುದೇ ಎಂದು ಕೇಳಿದರು. ಹಾಗಿದ್ದರೆ ಅದಕ್ಕೆ ಬಂಡೆ ಬೇಕಿಲ್ಲ, ಬೇಕಾದದ್ದು ಆಳದಲ್ಲಿ ಒಂದು ದೊಡ್ಡ ಖಾಲಿ ಜಾಗ ಮತ್ತು ಅದರ ಸುತ್ತ ಕಣ ಹಿಡಿಯುವ ಗೋಡೆಗಳು. ಬೋಡಿ ಬೆಟ್ಟದ ಉಪಕರಣದ ಸುತ್ತಲಿನ ಗುಹೆಯ ಗೋಡೆಗಳಿಗೆ ಅಂಥ ಹಲಗೆಗಳನ್ನು ಹೊದಿಸಿದರೆ ಪರೀಕ್ಷೆ ಸಾಧ್ಯ ಎಂಬ ಯೋಚನೆಯೂ ಬಂದಿದೆ.

"ಅಂದ್ರೆ ಅದು ಏನು ಅಂತ ಇನ್ನೂ ಗೊತ್ತಿಲ್ವಾ?" ಎಂದು ಹಿರಿಯರು ಕೇಳಿದರು.

ಗೊತ್ತಿಲ್ಲ ಎಂದೆ. ಕಂಡದ್ದು ತಪ್ಪು ಎಂದು ತೋರಿಸಬೇಕಾದರೂ, ಸರಿ ಎಂದು ತೋರಿಸಬೇಕಾದರೂ, ಅಷ್ಟೇ ಆಳಕ್ಕೆ ಇಳಿದು ಅದಕ್ಕಿಂತ ದೊಡ್ಡ ಉಪಕರಣವನ್ನು ಇಟ್ಟು ವರ್ಷಗಟ್ಟಲೆ ಕಾಯಬೇಕು.

"ಹೀತ್‌ಕೋಟ್ ನೀರು ಎತ್ತಿದ್ರೆ ಆಗುತ್ತಾ?"

ಅದಕ್ಕೆ ಉತ್ತರ ಹೇಳಬೇಕಾದವರು ಎಂಜಿನಿಯರುಗಳು. ಶಾಫ್ಟಿನ ಗೋಡೆ ಎಷ್ಟು ಗಟ್ಟಿ ಉಳಿದಿದೆ, ಎಷ್ಟು ನೀರು ತುಂಬಿದೆ, ಎತ್ತಿ ಒಣಗಿಸಲು ಎಷ್ಟು ಖರ್ಚು ಎಂದು ಅವರು ಅಳೆಯಬೇಕು. ಸೈನೈಡ್ ದಿಬ್ಬದಲ್ಲಿ ಉಳಿದ ಚಿನ್ನಕ್ಕೆ ಇಂಥ ಲೆಕ್ಕ ಮಾಡಿದ್ದಾರೆ. ಹೀತ್‌ಕೋಟಿಗೂ ಒಂದು ಸಲ ಮಾಡಲಿ ಎಂದು ನಾನು ಕೇಳುತ್ತೇನೆ, ಮತ್ತು ಮಾಡುವವರೆಗೂ ಕೇಳುತ್ತಲೇ ಇರುತ್ತೇನೆ.